ಹನ್ನೊಂದು ಡಾಲರ್ ನಲವತ್ತು ಸೆಂಟ್

ಫೋಟೋದ ಮೇಲಿನ ರುಜು ನನಗೆ ಬೇಡ.
ಅದು ನಗುತ್ತ ಹಾಕಿದ್ದು,
ಎಷ್ಟೋ ಸಲ ಬೇರೆ ಯಾರೋ ಹಾಕಿದ್ದು:
ತಂಗಿ, ಕಾರ್ಯದರ್ಶಿ, ಸ್ಟುಡಿಯೋದ ಹಿಂಬದಿ ಕೋಣೆಯಲ್ಲಿ
ದಿನಕ್ಕೆ ಇನ್ನೂರು ಪಟದ ಲೆಕ್ಕದಲ್ಲಿ ಕೂಲಿಗೆ ಕೂತ ಹುಡುಗಿ.
ನನಗೆ ಬೇಕಾದ್ದು ಕಾಗದಪತ್ರ.
ಕರಾರು, ರಸೀತಿ, ನಾಯಿಯ ಲೈಸೆನ್ಸು,
ಬ್ಯಾಂಕು ಪಾಸು ಮಾಡಿ ಹಿಂತಿರುಗಿಸಿದ ಹಳೆಯ ಚೆಕ್ಕು.
ದುಡ್ಡು ಬಿಚ್ಚುವಾಗ ಮನುಷ್ಯ
ತನ್ನ ಹೆಸರನ್ನು ತಾನೇ ಬರೆಯುತ್ತಾನೆ.

ಸ್ಕ್ರ್ಯಾಂಟನ್ನಿನ ಬ್ಯಾಂಕೊಂದರಲ್ಲಿ ಮೂವತ್ತೊಂದು ವರ್ಷ
ಕಂಬಿಯ ಹಿಂದೆ ನಿಂತವನು ನಾನು.
ರುಜು ತಾಳೆ ನೋಡುವುದೇ ಕಸುಬು.
ಕಲ್ಲಿದ್ದಲ ಗಣಿ ಮುಚ್ಚಿದಾಗ ಯಾರ್‍ಯಾರ ಕೈ ನಡುಗಿತು,
ಹೊಸದಾಗಿ ಮದುವೆಯಾದವರು ಗಂಡನ ಹೆಸರಿಗೆ ಬಂದಾಗ
ಹೇಗೆ ಒಂದು ಗಳಿಗೆ ಪೆನ್ನು ಎತ್ತಿ ನಿಲ್ಲುತ್ತಿದ್ದರು,
ಎಲ್ಲ ಗೊತ್ತು.
ಮುಖ ನೋಡಬೇಡ ಎಡ್ವಿನ್, ಅನ್ನುತ್ತಿದ್ದರು ಹಾಲೊರನ್ ಸಾಹೇಬರು,
ಬಾಲ ನೋಡು.
ಕೊನೆಯಕ್ಷರದ ಬಾಲ ಸುಳ್ಳಾಡುವುದಿಲ್ಲ.

ಈಗ ಊಟದ ಮೇಜಿನ ತುಂಬ ಅವರೇ,
ಪ್ಲಾಸ್ಟಿಕ್ ಹಾಳೆಗಳ ಒಳಗೆ.
ಮೂರು ಧಾರಾವಾಹಿಗಳಲ್ಲಿ ನ್ಯಾಯಾಧೀಶನಾಗಿದ್ದ ಮಾರ್ಟಿನ್ ಗ್ರೆಲ್:
ಕಾರು ಜೋರಾಗಿ ಓಡಿಸಿದ್ದಕ್ಕೆ ದಂಡ, ತಪ್ಪೊಪ್ಪಿಗೆ, ರುಜು.
ವಾರವಾರ ಟೀವಿಯಲ್ಲಿ ಕೇಕು ಬೇಯಿಸುತ್ತಿದ್ದ ತಾಯಿ ಅಡೆಲ್ ವಿನ್‌ಸ್ಲೇಡ್:
ಬೇಕರಿಗೆ ಕೊಟ್ಟ ಚೆಕ್ಕುಗಳೇ ಒಂಬತ್ತು.
ಇನ್ನೊಂದು ಕರಾರಿನಲ್ಲಿ
ಕುದುರೆಯಿಂದ ಬೀಳುವುದಕ್ಕೆ ನಲವತ್ತು ಡಾಲರ್,
ಎಡಕ್ಕೆ ಬಿದ್ದರೆ ಐವತ್ತು.
ಎಡಕ್ಕೆ ಯಾಕೆ ಹೆಚ್ಚು, ಈವರೆಗೂ ತಿಳಿದಿಲ್ಲ.
ಸತ್ತವರ ಲೇವಾದೇವಿ ನಿನಗ್ಯಾಕೆ, ಅನ್ನುತ್ತಾಳೆ ಬರ್ನಡೀನ್,
ತಟ್ಟೆ ಇಡಲು ಜಾಗ ಹುಡುಕುತ್ತ.

ಮಾರ್ಚಿಯಲ್ಲಿ ಅಲೆನ್‌ಟೌನಿನ ಹರಾಜಿಗೆ ಹೋಗಿದ್ದೆ.
ಡೇಡ್ ಕಾರ್ವಿನ್.
ಬಿಳಿ ಟೋಪಿ, ನಲವತ್ತು ಚಿತ್ರ;
ಶನಿವಾರದ ಮಧ್ಯಾಹ್ನ ಹತ್ತು ಸೆಂಟಿಗೆ
ನನ್ನ ಬಾಲ್ಯವನ್ನು ದರೋಡೆಕೋರರಿಂದ ಕಾಪಾಡಿದವನು.
ಅವನ ಚೆಕ್ಕು, ಟ್ಯಾನ್ಸಿಯ ಮೇವಿನಂಗಡಿಗೆ,
ಓಟ್ಸು ಮತ್ತು ಒಣಹುಲ್ಲಿನ ಬಾಬ್ತು
ಹನ್ನೊಂದು ಡಾಲರ್ ನಲವತ್ತು ಸೆಂಟ್.
ಅದರ ಎದೆಗೆ ಅಡ್ಡವಾಗಿ ಕೆಂಪು ಮೊಹರು:
ಖಾತೆಯಲ್ಲಿ ಹಣ ಸಾಲದು.

ಆ ಮೊಹರಿನ ತೂಕ ನನ್ನ ಕೈಗೆ ಗೊತ್ತು.
ಮಿಸೆಸ್ ಯಾಬ್ಲೊನ್ಸ್ಕಿಯ ಗ್ಯಾಸಿನ ಬಿಲ್ಲಿಗೆ ಹೊಡೆದಿದ್ದೇನೆ,
ನನ್ನ ಸ್ವಂತ ಭಾವಮೈದುನನಿಗೆ ಹೊಡೆದಿದ್ದೇನೆ,
ಹೊಡೆದು ತಲೆ ಎತ್ತುತ್ತಿರಲಿಲ್ಲ.
ಇಲ್ಲಿಯೂ ಮೂಲೆಯಲ್ಲಿ ಯಾರದೋ ಪುಟ್ಟ ಇನಿಷಿಯಲ್ಲು,
ಅಚ್ಚುಕಟ್ಟು, ನನ್ನದರ ಹಾಗೆಯೇ.

ಕಾರ್ವಿನ್‌ನ ರುಜು ಮಾತ್ರ ಗೆರೆ ದಾಟಿ ಹಾರಿತ್ತು,
ಬೀಸಿದ ಹಗ್ಗದ ಹಾಗೆ ಅದರ ಬಾಲ.
ಬರೆಯುವಾಗ ಖಾತೆ ಬರಿದೆಂದು ಗೊತ್ತಿತ್ತೇ ಅವನಿಗೆ?
ಭೂತಗನ್ನಡಿ ಹಿಡಿದು ಬಾಲವನ್ನೇ ನೋಡಿದೆ, ಹಾಲೊರನ್ ಸಾಹೇಬರೇ,
ಅದು ಬಾಯಿ ಬಿಡಲಿಲ್ಲ.
ರುಜು ಇತ್ತು, ರುಜುವಾತು ಇರಲಿಲ್ಲ.

ನಟ್ಟನಡುವೆ ತುಕ್ಕಿನ ಉಂಗುರವಿರುವ ಒಂದು ತೂತು.
ಟ್ಯಾನ್ಸಿ ಅದನ್ನು ಗೋಡೆಗೆ ಮೊಳೆ ಹೊಡೆದಿಟ್ಟಿದ್ದನಂತೆ.
ವಸೂಲಿಗಲ್ಲ, ಬಂದವರಿಗೆ ತೋರಿಸಲು ಇರಬೇಕು.
ಅಥವಾ ವಸೂಲಿಗೇ ಇರಬಹುದು.

ಅಂದು ಕವಡೆ ಕಿಮ್ಮತ್ತಿಲ್ಲದ ಚೆಕ್ಕಿಗೆ
ನಾನು ಎಂಬತ್ತೈದು ಡಾಲರ್ ಕೊಟ್ಟೆ, ಕಮಿಷನ್ ಬೇರೆ.
ಟ್ಯಾನ್ಸಿಗೆ ಅದರಲ್ಲಿ ಒಂದು ಸೆಂಟೂ ಹೋಗಲಿಲ್ಲ.

ರಾತ್ರಿ ಬರ್ನಡೀನ್ ನನ್ನ ಭುಜದ ಮೇಲಿಂದ ಬಗ್ಗಿ
ಕೆಂಪು ಅಕ್ಷರಗಳನ್ನು ಒಂದೊಂದಾಗಿ ಓದಿದಳು.
ಬೈಯುತ್ತಾಳೆ ಅಂದುಕೊಂಡೆ.
ಮತ್ತೆ ಕುದುರೆ? ಅಂದಳು.
ಕುದುರೆ ಏನು?
ಅದಕ್ಕೆ ಹುಲ್ಲು ಸಿಕ್ಕಿತಾ?

ಸಿಕ್ಕಿರಬೇಕು, ಅಂದೆ.
ಮರುವರ್ಷದ ಚಿತ್ರದಲ್ಲಿ ಇತ್ತಲ್ಲ,
ಕಣಿವೆ ದಾಟಿ ಓಡಿತಲ್ಲ,
ಹಣೆಯ ಮೇಲೆ ಬಿಳಿ ಮಚ್ಚೆ.