ಮೂವತ್ತೊಂದನೆಯ ವಾರ

ಗಾಲಿ ಸವೆದಿಲ್ಲ, ಅದೇ ನನ್ನ ವಾದ.
ಗೀರಿನೊಳಗೆ ರೂಪಾಯಿ ಬಿಲ್ಲೆ ನಿಲ್ಲಿಸಿ ತೋರಿಸಿದೆ,
ಅಂಚು ಸರಿಯಾಗಿಯೇ ಮುಳುಗಿತು.
ಗಡಿಲಿಂಗ ನಗಲಿಲ್ಲ, ಒಪ್ಪಲೂ ಇಲ್ಲ.
ಮಂಡಿಯೂರಿ ಟೈರಿನ ಪಕ್ಕೆಗೆ
ಹೆಬ್ಬೆರಳಿನ ಉಗುರು ಒತ್ತಿದ.
ಬಾಯಿ ಬಿಟ್ಟವು ಸಣ್ಣ ಸಣ್ಣ ಬಿರುಕು,
ಬೇಸಿಗೆಯ ನನ್ನ ಹಿಮ್ಮಡಿಯ ಹಾಗೆ.

"ಓಡಿ ಸತ್ತಿಲ್ಲಕ್ಕ ಇದು. ನಿಂತು ಸತ್ತೈತೆ."

ಹೊಸಪೇಟೆ ರಸ್ತೆ. ಹತ್ತು ಗಂಟೆಗೇ ಡಾಂಬರು ಮೆತ್ತಗೆ.
ಅಂಗಡಿಯೆದುರು ಅದಿರು ಲಾರಿಗಳ ಟೈರು,
ನನ್ನ ಎದೆಮಟ್ಟ, ಕೆಂಧೂಳು ಮೆತ್ತಿದವು.
ಒಂದರೊಳಗೆ ಗಬ್ಬದ ನಾಯಿ ಮಲಗಿದೆ.
ಪಕ್ಕದಲ್ಲಿ ನನ್ನ ಎಂಟುನೂರು
ಕರೆಯದೆ ಊಟಕ್ಕೆ ಬಂದವರಂತೆ
ಗೋಡೆಗೆ ಸರಿದು ನಿಂತಿದೆ.

ತೊಂಬತ್ತೇಳರ ಮಾರುತಿ,
ಒಡೆದ ಹಾಲಿನ ಬಿಳುಪು.
ಬಾಗಿಲ ಮೇಲೆ ಉಜ್ಜಿದರೂ ಹೋಗದ ಅಕ್ಷರ:
ಪಂಪಾ ಡ್ರೈವಿಂಗ್ ಸ್ಕೂಲ್, ಮಹಿಳೆಯರಿಗೆ ಮಹಿಳೆಯಿಂದ.
ಎಡಸೀಟಿನ ಕಾಲಡಿ ಇನ್ನೊಂದು ಬ್ರೇಕು,
ಹತ್ತೊಂಬತ್ತು ವರ್ಷ ಅದರ ಮೇಲೇ ಇತ್ತು ನನ್ನ ಬಲಗಾಲು.
ಬ್ಯಾಂಕಿನ ಶಕುಂತಲಾಬಾಯಿ, ನರ್ಸು ಮೇರಿ ಸುಜಾತ,
ಬುರ್ಖಾ ಮಡಚಿ ತೊಡೆಯಡಿ ಸಿಕ್ಕಿಸಿಕೊಳ್ಳುತ್ತಿದ್ದ ನೂರ್ ಫಾತಿಮಾ,
ಕೌಲ್ ಬಜಾರಿನ ತಿರುವಿನಲ್ಲಿ
ಸ್ಟೇರಿಂಗ್ ಬಿಟ್ಟು ಕೈಮುಗಿದ ಎರ್ರಮ್ಮ.
ಯಾರೂ ಯಾರಿಗೂ ಗುದ್ದಲಿಲ್ಲ, ಒಂದು ಎಮ್ಮೆ ಬಿಟ್ಟರೆ.
ಎಮ್ಮೆಗೆ ಏನೂ ಆಗಲಿಲ್ಲ.

ಈಗ ಬ್ಯಾಟರಿ ಸಾಯದಿರಲೆಂದು ಊರೊಳಗೆ ಒಂದು ಸುತ್ತು,
ಅಕ್ಕ ಕರೆದರೆ ಸಂಡೂರು.
ವರ್ಷಕ್ಕೆ ಎಂಟುನೂರು ಕಿಲೋಮೀಟರು, ಹೆಸರಿಗೆ ತಕ್ಕಂತೆ.
ಅಷ್ಟಕ್ಕೆ ಹತ್ತು ಸಾವಿರವೇ ಗಡಿಲಿಂಗಾ?

ಅವನು ಒದ್ದೆ ಬಟ್ಟೆಯಲ್ಲಿ ಪಕ್ಕೆ ಒರೆಸಿದ.
ನಾಲ್ಕು ಅಂಕಿ ಎದ್ದವು: ೩೧೧೪.
ಮೂವತ್ತೊಂದನೇ ವಾರ, ಹದಿನಾಲ್ಕನೇ ಇಸವಿ.
"ನಮಗೆ ಹಣೆ ಮ್ಯಾಲೆ ಬರೀತಾನೆ, ಟೈರಿಗೆ ಪಕ್ಕೆ ಮ್ಯಾಲೆ."

ಆಗತಾನೆ ಶ್ರಾವಣ ಹಿಡಿದಿರಬೇಕು.
ಎಲ್ಲೋ ಒಂದು ಕಾರ್ಖಾನೆಯಲ್ಲಿ ಯಾರೋ
ಬಿಸಿ ಅಚ್ಚಿನಿಂದ ಇದನ್ನೆತ್ತಿ ಪಕ್ಕಕ್ಕಿಟ್ಟು
ಚಹಾಕ್ಕೆ ಹೋದ ಹೊತ್ತಿಗೆ
ನಾನು ಕೋಟೆಗುಡ್ಡದ ಏರಿನಲ್ಲಿ ಹೇಳುತ್ತಿದ್ದೆ:
ಅರ್ಧ ಕ್ಲಚ್ಚು, ಅವಸರ ಬೇಡ,
ಹಿಂದೆ ಹಾರ್ನ್ ಹೊಡೆಯುವವನು ನಿನ್ನ ಗಂಡನಲ್ಲ.

ಮೊದಲು ಸೆಕೆಂಡ್ ಹ್ಯಾಂಡು ತೋರಿಸಿದ.
ಗುಂತಕಲ್ಲಿನಿಂದ ಬಂದ ನಾಲ್ಕು, ಒಂದೊಂದಕ್ಕೆ ಆರುನೂರು,
ಕರಿ ಪಾಲಿಶು ಬಳಿದುಕೊಂಡು
ಮದುವಣಿಗರಂತೆ ಮಿರುಗುತ್ತಿದ್ದವು.
ಈ ಸಲ ನಾನೇ ಬಗ್ಗಿ ಓದಿದೆ,
ಹನ್ನೆರಡರ ಹುಟ್ಟು.
ನನ್ನವಕ್ಕಿಂತ ಎರಡು ವರ್ಷ ದೊಡ್ಡ ವರಗಳು.
ಗಡಿಲಿಂಗ ತಲೆ ಕೆರೆದ. ಹುಡುಗ ಒಗ್ಗಾಣಿ ಮಿರ್ಚಿ ತಂದ.
ಎಣ್ಣೆ ಕುಡಿದ ಪೇಪರಿನ ಮೇಲೆಯೇ ಲೆಕ್ಕ:
ಹೆಸರು ಕೇಳದ ಕಂಪನಿ, ಆದರೂ ಹೊಸದು,
ಈ ವರ್ಷದ ಎಂಟನೇ ವಾರದ್ದು,
ನಾಲ್ಕೂ ಸೇರಿ ಎಂಟು ಸಾವಿರದ ಇನ್ನೂರು, ವಾಲ್ವು ಬಿಟ್ಟಿ.
ಸ್ಟೆಪ್ನಿ ಹಳೆಯದೇ ಇರಲಿ ಎಂದೆ.
ನೂರಿಪ್ಪತ್ತರಲ್ಲಿ ಹೋಗುವವರಿಗೆ ಬೇಕು ದೊಡ್ಡ ಹೆಸರು.
ನಾನು ನಲವತ್ತು ದಾಟಿದರೆ ಸಾಕು,
ಕಾಲು ಬ್ರೇಕು ಹುಡುಕುತ್ತದೆ,
ಎಡಬದಿಯದು,
ಅಲ್ಲಿ ನಾನು ಕೂತಿಲ್ಲದಿದ್ದರೂ.

ಬಿಲ್ಲು ಬರೆಯುವ ಹುಡುಗಿ, ಹಂಪವ್ವ,
ಕಿಟಕಿಯಿಂದ ಇಣುಕಿ ಕೇಳಿದಳು:
"ಇದು ಯಾತಕ್ಕಕ್ಕ, ಇನ್ನೊಂದು?"
ಹೆದರಿಕೆಗೆ ಅಂದೆ.
"ಯಾರ ಹೆದರಿಕೆಗೆ?"

ಹೊಸ ರಬ್ಬರಿನ ಮೇಲೆ ಇನ್ನೂ ಎಳೆ ಕೂದಲು,
ಹಸುಗೂಸಿನ ಕಿವಿಯ ಮೇಲಿರುವಂಥವು.
ಮುಟ್ಟಿ ನೋಡಿದೆ, ಅವಳೂ ನೋಡಿದಳು.
ಐವತ್ತು ಕಿಲೋಮೀಟರು ಓಡಿದ ಮೇಲೆ
ನಟ್ಟು ಇನ್ನೊಮ್ಮೆ ಬಿಗಿಸಬೇಕಂತೆ.
ಅಷ್ಟು ಓಡಲು ನನಗೊಬ್ಬಳಿಗೆ ತಿಂಗಳು ಬೇಕು.

ಬುಧವಾರ ಸಂಜೆ ಬಿಡುವಿದೆಯಾ
ಎಂದು ಕೇಳಿದೆ ಅವಳನ್ನು.