ಇತರೆ, ವಿವರಿಸಿ

ಬ್ಯಾಡಗಿಯ ಆ ಓಣಿಗೆ ಹೊಕ್ಕವರು
ಮೊದಲು ಸೀನುತ್ತಾರೆ, ಆಮೇಲೆ ಹೆಸರು ಹೇಳುತ್ತಾರೆ.
ನಾನೂ ಸೀನಿದೆ, ಮೂರು ಸಲ.
ಫಕ್ಕೀರವ್ವ ನಕ್ಕಳು. ಕೈ ಮಾತ್ರ ನಿಲ್ಲಲಿಲ್ಲ:
ಕಾಯಿ ಹಿಡಿ, ತುಂಬು ಮುರಿ, ಬುಟ್ಟಿಗೆ ಎಸೆ.
ಕಿಲೋ ಲೆಕ್ಕದ ಕೂಲಿ. ನನ್ನ ಪ್ರಶ್ನೆಗಳಿಗೆ ಕೂಲಿ ಇಲ್ಲ.

ವಯಸ್ಸು?
"ಆಧಾರ್ ಕಾರ್ಡಿನಾಗ ಐವತ್ತೆರಡು, ಮೊಣಕಾಲಾಗ ಎಪ್ಪತ್ತು.
ನಿನ್ನ ಡಬ್ಬಿಗೆ ಯಾವುದು ಬೇಕು ಬರಕೋ."

ಕಳೆದ ಹನ್ನೆರಡು ತಿಂಗಳಲ್ಲಿ
ಚಿಕಿತ್ಸೆಯ ಅಗತ್ಯವಿದ್ದೂ ಪಡೆಯದೆ ಇದ್ದದ್ದುಂಟೆ?
"ಅಗತ್ಯ ಐತಿ ಅಂತ ಹೇಳವರು ಯಾರು?
ಡಾಕ್ಟರು ಹೇಳಬೇಕು. ಡಾಕ್ಟರ ಕಡೆ ನಾ ಹೋಗಿಲ್ಲ.
ಅಂದಮ್ಯಾಲ ಇಲ್ಲಂತ ಬರಿ."

ಧಾರವಾಡದ ತಂಪು ಕೋಣೆಯ ತರಬೇತಿಯಲ್ಲಿ ಹೇಳಿದ್ದರು:
ಇಲ್ಲ ಎಂದರೆ ಕೆದಕಿ, ಬಾಯಿಗೆ ಮಾತು ಇಡಬೇಡಿ.
ಕೆದಕಿದೆ.
ಶ್ರಾವಣದಿಂದ ಬಿಡದ ಕೆಮ್ಮು,
ಕಣ್ಣ ಮುಂದೆ ಹಾರುವ, ಇಲ್ಲದ ಕರಿ ನೊಣ,
ಉರಿವ ಕೈ ಮಜ್ಜಿಗೆಯಲ್ಲಿ ಅದ್ದಿ ಕೂತು ಬೆಳಗು ಮಾಡಿದ್ದು,
ಒಂದೊಂದೇ ಹೊರಬಂದವು, ಕಾಯಿಗಳ ನಡುವೆ,
ಯಾರದೋ ಸುದ್ದಿಯ ಹಾಗೆ.

ಯಾಕೆ ಹೋಗಲಿಲ್ಲ?
ಆಯ್ಕೆಗಳನ್ನು ಓದಿ ಹೇಳಬಾರದು, ಕೇಳಿ ಗುರುತು ಹಾಕಬೇಕು.
"ದವಾಖಾನಿ ಫುಕಟ್ ಐತಿ.
ಹೋಗಿಬರೂದಷ್ಟ ತುಟ್ಟಿ."
ದೂರದ ಮನೆ ನೋಡಿದೆ, ಖರ್ಚಿನ ಮನೆ ನೋಡಿದೆ,
ಎಲ್ಲಿಯೂ ಕೂರಲಿಲ್ಲ ಆ ಮಾತು.
ಕೊನೆಗೆ ಇತರೆ, ವಿವರಿಸಿ.
ಅವಳಂದದ್ದನ್ನೇ ಒತ್ತುತ್ತ ಹೋದೆ, ಮೂವತ್ತು ಅಕ್ಷರಕ್ಕೆ ಡಬ್ಬಿ ತುಂಬಿತು.
ತುಟ್ಟಿ ಹೊರಗೇ ಉಳಿಯಿತು.
ದವಾಖಾನಿ ಫುಕಟ್ ಐತಿ ಎಂಬುದು ದಿಲ್ಲಿಗೆ ಹೋಯಿತು.

ತೋಳಿಗೆ ಪಟ್ಟಿ ಸುತ್ತಿದೆ. ಆಗಷ್ಟೇ ಆ ಎಡಗೈ ಸುಮ್ಮನಾದದ್ದು.
ನೂರಾ ಎಪ್ಪತ್ತೆಂಟು, ನೂರಾ ನಾಲ್ಕು.
"ಚಲೋ ಬಂತೇನು?"
ಎಂದಳು, ಪರೀಕ್ಷೆ ಬರೆದು ಬಂದ ಹುಡುಗಿಯ ಹಾಗೆ.
ಔಷಧ ಕೊಡುವ ಅಧಿಕಾರ ನನಗಿಲ್ಲ, ಚೀಟಿ ಕೊಟ್ಟೆ:
ಹತ್ತಿರದ ಆರೋಗ್ಯ ಕೇಂದ್ರಕ್ಕೆ ಭೇಟಿ ನೀಡಿ.
ತಿರುವಿ ನೋಡಿದಳು. ಬೆನ್ನು ಖಾಲಿ ಇತ್ತು.
ಬೆಳಗಿನ ತೂಕ ಅದರ ಮೇಲೆ ಬರೆಸಿಕೊಂಡಳು,
ನನ್ನ ಪೆನ್ನಿನಲ್ಲಿ, ನನ್ನ ಕೈಯಲ್ಲೇ:
ಒಂಬತ್ತೂವರೆ ಕಿಲೋ.
ಇಷ್ಟಕ್ಕೆ ಸಂದರ್ಶನ ಪೂರ್ಣಗೊಂಡಿದೆ ಎಂದು
ಹಸಿರು ಗುರುತು ಮೂಡಿತು.

ಮರುದಿನ ಮೋಟೆಬೆನ್ನೂರು.
ಕಟ್ಟೆಯ ಮೇಲೆ ಹಜರೇಸಾಬ ನದಾಫ ತೋಳು ಚಾಚಿದ.
ಅದೇ ಪಟ್ಟಿ. ಗಾಳಿ ತುಂಬಿತು.
ಮುದುಕ ಸೀನಿದ. ಬಾಗಿಲಲ್ಲಿದ್ದ ಸೊಸೆ ಸೀನಿದಳು.
ಅವಳ ಬಗಲಿನ ಕೂಸೂ.
"ಇದೇನವಾ, ನಿನ್ನ ಮಶೀನಿಗೆ ನೆಗಡಿ?"

ಅಂಕಿ ಕೆಟ್ಟಿತ್ತು.
ನಿಯಮದಂತೆ ಐದು ನಿಮಿಷ ಬಿಟ್ಟು
ಮತ್ತೆ ಅಳೆದೆ.