ಎಡ ಹುಬ್ಬಿನ ಮೇಲಿನ ಗಾಯ

ಗೋರೆಗಾಂವ್ ಗುಡ್ಡದ ಮೇಲೆ ಯುದ್ಧ.
ಕಾಲ: ಮುನ್ನೂರು ವರ್ಷ ಹಿಂದೆ, ಮಾಘಮಾಸ, ಬೆಳಗಿನ ಜಾವ.
ನನ್ನ ಗಡಿಯಾರದಲ್ಲಿ ಮಧ್ಯಾಹ್ನ ಎರಡೂ ಇಪ್ಪತ್ತು.
ಹಾಳೆಯಲ್ಲಿ ಬರೆದುಕೊಂಡಿದ್ದೇನೆ:
ಸರದಾರನ ಗಾಯ ಎಡ ಹುಬ್ಬಿನ ಮೇಲೆ,
ಎರಡು ಬೆರಳುದ್ದ, ರಕ್ತ ಹಸಿ.
ಊಟ ಮುಗಿಸಿ ಬರುವಷ್ಟರಲ್ಲಿ ಅದು ಬಲಕ್ಕೆ ಹೋಗಿತ್ತು.
ಮೇಕಪ್ಪಿನ ಹುಡುಗ
ಕನ್ನಡಿ ನೋಡಿಕೊಂಡು ಬರೆದನಂತೆ.

ಇದು ನನ್ನ ಕಸುಬು.
ನಿನ್ನೆ ಹೇಳಿದ ಸುಳ್ಳನ್ನು
ಇವತ್ತೂ ಹಾಗೆಯೇ ಹೇಳುತ್ತಾರೆಯೇ ಎಂದು
ಕುರ್ಚಿ ಹಾಕಿಕೊಂಡು ಕಾಯುವುದು.

ಡೇರೆಯ ಹಗ್ಗ ನೈಲಾನು, ನೀಲಿ.
ಬೆಟ್ಟದಾಚೆ ಮೂವತ್ತು ಮಹಡಿಯ ಕಟ್ಟಡ
ಕೋಟೆಯ ಬುರುಜಿಗಿಂತ ಎತ್ತರ ಇಣುಕುತ್ತಿದೆ.
ದಂಡಿನ ಕೊಪ್ಪರಿಗೆಯಲ್ಲಿ ಟೊಮೆಟೊ.
ಅದಿನ್ನೂ ಈ ಅಡಿಗೆಗೆ ಬಂದಿರಲಿಲ್ಲ, ಅಂದೆ.
ಬರಲಿ ಬಿಡಿ, ಕೆಂಪು ಚೆನ್ನಾಗಿ ಕಾಣುತ್ತೆ,
ಅಂದರು ನಿರ್ದೇಶಕರು.

ಸೈನಿಕರು ನೂರ ನಲವತ್ತು.
ಉಳಿದ ಹತ್ತು ಸಾವಿರವನ್ನು ಕಂಪ್ಯೂಟರು ಹೆರುತ್ತದೆ.
ಎಲ್ಲರ ತೋಳಲ್ಲೂ ದುಂಡಗೆ
ಚುಚ್ಚುಮದ್ದಿನ ಕಲೆ.
ಸಿಡುಬು ಊರೂರನ್ನೇ ನುಂಗುತ್ತಿದ್ದ ಕಾಲವಯ್ಯಾ ಅದು!
ತೊಟ್ಟಿಲಲ್ಲೇ ಸಾಯದೆ ತಪ್ಪಿಸಿಕೊಂಡವರು ಇವರು,
ಅದಕ್ಕೇ ಇರಬೇಕು
ಸಾಯಿಸಲು ಇಷ್ಟು ಜನ ಸಿಕ್ಕಿದ್ದು.

ಮಲ್ಕಾಜಪ್ಪ ಬೆಳಿಗ್ಗೆ ಒಂಬತ್ತಕ್ಕೆ ಸತ್ತ.
ಮೋಡ ಅಡ್ಡ ಬಂತೆಂದು ಹನ್ನೊಂದಕ್ಕೆ ಮತ್ತೆ ಸತ್ತ.
ಮಧ್ಯಾಹ್ನ ಕೆಂಪು ಪಗಡಿ ಬಿಚ್ಚಿ, ನೀಲಿ ಸುತ್ತಿ
ತನ್ನನ್ನು ಕೊಂದವರ ಸಾಲಿನಲ್ಲಿ ನಿಂತ.
ಅದೇ ಗಡ್ಡ, ಅದೇ ಮಾಲುಗಣ್ಣು. ಹಿಡಿದೆ.

"ಅಕ್ಕಾರ, ಬರಕೋಬ್ಯಾಡ್ರಿ."
ನನ್ನ ಹಾಳೆಯ ಅಂಕಿ ನೋಡಿ ಗುರುತು ಹಿಡಿದಿದ್ದ
(ಅಪ್ಪ ಫೋರ್ಟಿನ ರಾತ್ರಿ ಶಾಲೆಯಲ್ಲಿ ಕಲಿತು
ನನಗೆ ದಾಟಿಸಿದ ಅಂಕಿ).
"ಎರಡೂ ಕಡಿಗಿ ನಿಂತ್ರ ದೀಡ್ ಪಗಾರ ಕೊಡ್ತಾರ್ರಿ.
ಮೊಮ್ಮಗಳು ಪಿಚ್ಚರ್‌ದಾಗ ಹುಡುಕ್ತಾಳ.
ಸತ್ತದ್ದು ಕಂಡ್ರ ಅಳತಾಳ್ರಿ,
ಈ ಕಡಿಗೊಮ್ಮಿ ಬದುಕಿರ್ತೀನಿ."

ಅವನ ಬಲಗೈಯಲ್ಲಿ ಎರಡು ಬೆರಳಿಲ್ಲ.
ಪರೇಲಿನ ಗಿರಣಿ ತಿಂದದ್ದು, ಮುಷ್ಕರಕ್ಕೆ ಮೊದಲು.
ಇಡೀ ರಣರಂಗದಲ್ಲಿ
ಸೋಪು ಹಾಕಿದರೂ ಹೋಗದ ಗಾಯ ಅದೊಂದೇ.
ಕ್ಯಾಮೆರಾ ಹತ್ತಿರ ಬಂದಾಗ
ನಿರ್ದೇಶಕರು ಕೂಗಿದರು:
ಆ ಕೈ ಮುಚ್ಚಿಸಿ,
ನಕಲಿಯ ಹಾಗೆ ಕಾಣ್ತಿದೆ.

ನಾನು ಹಗ್ಗ ಬರೆದೆ, ಟೊಮೆಟೊ ಬರೆದೆ,
ಕಟ್ಟಡದ ಮಹಡಿ ಎಣಿಸಿ ಬರೆದೆ.
ಗಡ್ಡದ ಎದುರಿಗೆ
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಆಮೇಲೆ ಚಹಾ ಬಂತು.

ಸಂಜೆ ಸತ್ತವರೆಲ್ಲ ಎದ್ದು
ಕೂಲಿಯ ಸಾಲಿನಲ್ಲಿ ತಳ್ಳಾಡಿದರು.
ಸ್ಟೇಷನ್ನಿಗೆ ಹೋಗುವ ಬೆಸ್ಟ್ ಬಸ್ಸಿನಲ್ಲಿ
ಅವನ ಹಣೆಯ ರಕ್ತ ಕಂಡು
ಕಾಲೇಜು ಹುಡುಗನೊಬ್ಬ ಗಾಬರಿಯಿಂದ ಎದ್ದು ಜಾಗ ಕೊಟ್ಟ.
ಮಲ್ಕಾಜಪ್ಪ ಬೇಡ ಅನ್ನಲಿಲ್ಲ.
ಕೂತವನೇ ನಿದ್ದೆ ಹೋದ.
ಬಾಯಿ ಅರ್ಧ ತೆರೆದು, ಕತ್ತು ಎಡಕ್ಕೆ,
ಬೆರಳಿಲ್ಲದ ಕೈ ತೊಡೆಯ ಮೇಲೆ ಮಗುಚಿ.
ಬೇಡವೆಂದರೂ ನನ್ನ ಕಣ್ಣು ತಾಳೆ ನೋಡಿತು
ಬೆಳಗಿನ ಒಂಬತ್ತರ ಸಾವಿನ ಜೊತೆ.
ಕೂದಲಷ್ಟೂ ತಪ್ಪಿರಲಿಲ್ಲ.

ಕಂಡಕ್ಟರ್ ಭುಜ ತಟ್ಟಿದ.
ಮತ್ತೆ ತಟ್ಟಿದ.
ಕುಠೇ, ಕಾಕಾ?
ಕಣ್ಣು ಬಿಡದೆ ಮಲ್ಕಾಜಪ್ಪ
ತಲೆ ಮುಟ್ಟಿ ನೋಡಿಕೊಂಡ,
ಈಗ ಯಾವ ಪಗಡಿ ಎಂದು.